ಹದಿನೆಂಟನೆಯ ವರ್ಣತಂತು

ಮಾನವನ ಜೀವಕೋಶದಲ್ಲಿ 46 ವರ್ಣತಂತುಗಳಿರುವುವೆಂಬುದನ್ನು ನಾವು ಬಲ್ಲೆವು. ಹದಿನೆಂಟನೆಯ ಜೋಡಿಯಲ್ಲಿ ಎರಡರ ಬದಲು ಮೂರು ತಂತುಗಳಿದ್ದರೆ ಶಿಶುವಿನ ಹೃದಯ, ಮಿದುಳುಗಳ ಬೆಳವಣಿಗೆ ಕೆಡುವುದು. ಇಂಗ್ಲೆಂಡಿನ ಜಾನ್ ಎಡ್ವರ್ಡ್ಸ್ ಮತ್ತು ಸಂಗಡಿಗರು 1960ರಲ್ಲಿ ಇದನ್ನು ಗುರುತಿಸಿದರು. ಹೆಚ್ಚಿನ ತಂತುವನ್ನು ತೆಗೆದುಹಾಕುವ ಉಪಾಯವಿಲ್ಲ. ಆದುದರಿಂದ ರಕ್ತಪರೀಕ್ಷೆಯು ಅದನ್ನು ತೋರಿಸಿದೊಡನೆ, ವೈದ್ಯರು ಬಹುಕಾಲ ಉಪಶಮನದ ಆರೈಕೆಯೊಂದನ್ನೇ ಸೂಚಿಸುತ್ತಿದ್ದರು: ಬೆಚ್ಚನೆಯ ಹೊದಿಕೆ, ನೋವಿಗೆ ಔಷಧ, ನಳಿಕೆಯಿಂದ ಹಾಲು, ತಾಯಿಯ ಮಡಿಲು.

ಆದರೆ ವರ್ಣತಂತುಗಳ ಎಣಿಕೆಯಿಂದ ದೊರೆಯುವುದು ರೋಗದ ಹೆಸರು. ಆಯುಸ್ಸಿನ ಅಳತೆ ಅದರಲ್ಲಿಲ್ಲ. ಭೌತಶಾಸ್ತ್ರದವರಾದ ನಾವು ಆದಿಸ್ಥಿತಿಯನ್ನು ತಿಳಿದು ಮುಂದಿನದನ್ನು ಗಣಿಸಹೊರಡುವವರು. ಇಲ್ಲಿ ಆ ಧೈರ್ಯ ಸಲ್ಲದು. ಹೆಚ್ಚಿನ ಶಿಶುಗಳು ವರುಷ ತುಂಬುವ ಮೊದಲೇ ತೀರಿಕೊಳ್ಳುವುವು. ಹತ್ತರಲ್ಲಿ ಸುಮಾರು ಒಂದು ಅದನ್ನು ದಾಟುವುದುಂಟು. ಆದಕಾರಣ ಇಂದು ಕೆಲವೆಡೆ ಹೃದಯದ ಶಸ್ತ್ರಚಿಕಿತ್ಸೆಯನ್ನೂ ತಂದೆತಾಯಿಯರ ಮುಂದಿಡುವರು, ನೋವು ತಗ್ಗಿಸುವ ಆರೈಕೆಯನ್ನು ನಿಲ್ಲಿಸದೆಯೇ.