ಕೃಷಿಕಾಯಕವೂ ಹಿರಿಯರ ದಾಸೋಹವೂ

ಬೇಸಾಯದಲ್ಲಿ ನೆಲೆನಿಂತ ಹಿರಿಯನು ಹೊಸದಾಗಿ ನೆಲಕ್ಕಿಳಿಯುವ ತರುಣನಿಗೆ ನೆರವಾಗಬೇಕೆ? ಆಗಬೇಕೆಂದರೆ ಅದು ಅವನ ಔದಾರ್ಯವೋ ಕರ್ತವ್ಯವೋ? ಶರಣರ ಕಾಯಕ-ದಾಸೋಹ ತತ್ತ್ವಗಳ ಬೆಳಕಿನಲ್ಲಿ ಇದನ್ನು ವಿಚಾರಿಸೋಣ.

ಪುತ್ತೂರು ತಾಲೂಕಿನ ನರಿಮೊಗರಿನ ಕಡೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ಅಡಿಕೆಯ ಸೀಮೆ. ಬತ್ತವು ಕೆಲವೇ ತಿಂಗಳಲ್ಲಿ ಕೈಸೇರುವುದು. ಅಡಿಕೆಯ ಸಸಿಯಾದರೋ ಫಲ ಕೊಡಲು ಸಾಮಾನ್ಯವಾಗಿ 5ರಿಂದ 7 ವರ್ಷ ಬೇಡುವುದು. ಅಲ್ಲಿಯವರೆಗೆ ಗೊಬ್ಬರ, ನೀರು, ಆಳಿನ ಕೂಲಿ ಎಲ್ಲವೂ ಕೈಯಿಂದಲೇ ಹೋಗಬೇಕು. ಫಲ ಬಂದ ಮೇಲೆ ಕೊಳೆರೋಗದ ಭಯ. ಮಳೆ ಹಿಡಿಯುವ ಮುನ್ನ ಒಮ್ಮೆ, 40-45 ದಿನಗಳ ತರುವಾಯ ಮತ್ತೊಮ್ಮೆ, ಮೈಲುತುತ್ತು-ಸುಣ್ಣಗಳ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸದಿದ್ದರೆ ವರ್ಷದ ದುಡಿಮೆಯು ನೆಲದ ಪಾಲಾಗಬಹುದು. ಈ ಕಾಲವನ್ನು ದಾಟುವ ಬಲವಿಲ್ಲದೆ ಊರು ಬಿಡುವ ತರುಣನನ್ನು ಸೋಮಾರಿಯೆಂದು ಹಳಿಯುವುದು ನ್ಯಾಯವಲ್ಲ.

“ನಾವು ಯಾರ ನೆರವೂ ಇಲ್ಲದೆ ಮೇಲೆ ಬಂದೆವು, ಅವರೂ ಹಾಗೆಯೇ ಬರಲಿ” ಎನ್ನುವ ಹಿರಿಯರುಂಟು. ಈ ಮಾತನ್ನು ಸ್ವಲ್ಪ ಪರೀಕ್ಷಿಸಬೇಕು. ದಕ್ಷಿಣ ಕನ್ನಡದಲ್ಲಿ ಇಂದು ತೋಟದ ಒಡೆತನವುಳ್ಳ ಎಷ್ಟೋ ಮನೆತನಗಳು ಹಿಂದೆ ಗೇಣಿಯ ಒಕ್ಕಲುಗಳಾಗಿದ್ದವು. ಭೂಸುಧಾರಣಾ ಕಾಯಿದೆಗೆ 1974ರಲ್ಲಿ ಆದ ತಿದ್ದುಪಡಿಯು ಅವರಿಗೆ ನೆಲದ ಹಕ್ಕನ್ನು ತಂದಿತು. 1970ರ ಸುಮಾರಿಗೆ ಅಡಿಕೆಯ ಧಾರಣೆ ಕುಸಿದಾಗ ಒಬ್ಬಂಟಿ ಬೆಳೆಗಾರನು ನಿರುಪಾಯನಾಗಿದ್ದನು. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋ ಹುಟ್ಟಿ ಆಸರೆಯಾಯಿತು. ಒಳ್ಳೆಯ ತಳಿಗಳು ವಿಟ್ಲದ ಸಂಶೋಧನಾ ಕೇಂದ್ರದಿಂದ ಬಂದವು. ಹೀಗಿರಲು ಒಂಟಿಯಾಗಿ ಮೇಲೆ ಬಂದವರಾರು? ಸಮಾಜದಿಂದ ಪಡೆದುದನ್ನು ಸಮಾಜದ ಕಿರಿಯರಿಗೆ ಸಲ್ಲಿಸುವುದು ಉಪಕಾರವಲ್ಲ, ಋಣಪರಿಹಾರ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವು ಇಲ್ಲಿಯೇ ತಿಳಿಯುವುದು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನು. ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದು ನಮ್ಮದಲ್ಲವೆಂದು ಹಿಂದಿರುಗಿಸಿದವಳು ಶರಣೆ ಆಯ್ದಕ್ಕಿ ಲಕ್ಕಮ್ಮ. ತೋಟಗಾರನಲ್ಲಿ ಹೆಚ್ಚಾಗಿರುವುದು ಹಣವೊಂದೇ ಅಲ್ಲ. ನಲವತ್ತು ಮಳೆಗಾಲಗಳ ಅನುಭವವೂ ಹೆಚ್ಚಿನ ಸಂಪತ್ತೇ. ಅದನ್ನು ಬಚ್ಚಿಟ್ಟುಕೊಂಡರೆ ಅದೂ ಸಂಗ್ರಹದೋಷವೇ ಸರಿ.

ನೆಲ ಕೊಟ್ಟರೆ ಕೈತಪ್ಪೀತೆಂಬ ಅಂಜಿಕೆ ಹಿರಿಯರಿಗಿರುವುದು ಸಹಜ. ನೆಲವನ್ನೇ ಕೊಡಬೇಕೆಂದಿಲ್ಲ. ಒಳ್ಳೆಯ ತಾಯಿಮರದ ಗೋಟಿನಿಂದ ಎಬ್ಬಿಸಿದ ಸಸಿಗಳನ್ನು ಕೊಡಬಹುದು. ಸಿಂಪಡಣೆಯ ಯಂತ್ರವನ್ನು ಎರವಲು ಕೊಡಬಹುದು. ಮರವೇರುವುದನ್ನೂ ದ್ರಾವಣ ಕೂಡಿಸುವುದನ್ನೂ ತನ್ನ ತೋಟದಲ್ಲಿಯೇ ಕಲಿಸಬಹುದು. ಸಹಕಾರಿ ಸಂಘದ ಸಾಲಕ್ಕೆ ಜಾಮೀನು ನಿಲ್ಲಬಹುದು. ಆದರೆ ಕಲಿಸುವ ನೆಪದಿಂದ ಬಿಟ್ಟಿ ದುಡಿಸಿಕೊಳ್ಳಲಾಗದು. ಹಾಗೆ ಮಾಡಿದರೆ ದಾಸೋಹವು ಶೋಷಣೆಯಾಗುವುದು.

ತರುಣನಿಗೂ ನಿಯಮವುಂಟು. ನೆರವು ಕಾಯಕಕ್ಕೆ ಊರುಗೋಲೇ ಹೊರತು ಕಾಯಕದ ಬದಲಿಯಲ್ಲ. ಬೇಸಾಯವನ್ನೇ ಕಾಯಕವಾಗಿ ಕೈಕೊಂಡ ಶರಣ ಒಕ್ಕಲಿಗ ಮುದ್ದಣ್ಣನು ಆ ಕಾಯಕದ ಮಾತುಗಳಲ್ಲಿಯೇ ಅಂತರಂಗದ ಕೃಷಿಯನ್ನು ಬೋಧಿಸಿದನು. ಮೈ ಬಗ್ಗಿಸದವನಿಗೆ ಆ ಬೋಧೆಯು ತಿಳಿಯದು. ತನ್ನ ಮರಗಳು ಫಲಕ್ಕೆ ಬಂದ ವರ್ಷ, ತನ್ನ ಹಿಂದೆ ನಿಂತಿರುವ ಇನ್ನೊಬ್ಬನಿಗೆ ತರುಣನು ಕೈನೀಡಿದರೆ ಹಿರಿಯನ ಋಣವು ತೀರಿದಂತೆ.