ನೂಹ್: ರಾಜಧಾನಿ ವಲಯದ ಹಳ್ಳಿಗಾಡು ಜಿಲ್ಲೆ

ಹರಿಯಾಣದ ಈ ಜಿಲ್ಲೆ ರಚನೆಯಾದದ್ದು 2005ರಲ್ಲಿ. ಮೇವಾತ್ ಎಂಬ ಹೆಸರು 2016ರಲ್ಲಿ ನೂಹ್ ಆಯಿತು. ಶ್ರೀಮಂತ ಗುರುಗ್ರಾಮದ ಪಕ್ಕದಲ್ಲೇ ಇದ್ದರೂ, ನೀತಿ ಆಯೋಗ 2018ರಲ್ಲಿ ಪ್ರಕಟಿಸಿದ ‘ಆಕಾಂಕ್ಷಿ’ (ಅಂದರೆ ಹಿಂದುಳಿದ) ಜಿಲ್ಲೆಗಳ ಮೊದಲ ಶ್ರೇಯಾಂಕದಲ್ಲಿ ಕಟ್ಟಕಡೆಯ ಸ್ಥಾನ ಇದಕ್ಕೆ. 2011ರ ಜನಗಣತಿಯಂತೆ ಸಾಕ್ಷರತೆ ಶೇ 54; ಮಹಿಳೆಯರದು ಶೇ 37ನ್ನೂ ಮುಟ್ಟಿಲ್ಲ.

ನಿಜವಾದ ಸಂಕಟ ನೀರಿನದು. ಬಹುಪಾಲು ಹಳ್ಳಿಗಳ ಅಂತರ್ಜಲ ಉಪ್ಪು. ಸಿಹಿನೀರು ಸಿಗುವುದು ಹೆಚ್ಚಾಗಿ ಅರಾವಳಿ ಬೆಟ್ಟಗಳ ಬುಡದಲ್ಲಿ. ಹಾಗಾಗಿ ದುಡ್ಡು ಕೊಟ್ಟು ಟ್ಯಾಂಕರ್ ತರಿಸಿ, ಮನೆಯಂಗಳದ ನೆಲತೊಟ್ಟಿ ತುಂಬಿಸಿಕೊಳ್ಳುವುದು ಇಲ್ಲಿ ಮಾಮೂಲು. ಗೋಧಿ, ಸಾಸಿವೆ, ಸಜ್ಜೆ ಮುಖ್ಯ ಬೆಳೆಗಳು.

ಬಹುಸಂಖ್ಯಾತರು ಮೇವ್ ಮುಸ್ಲಿಮರು. ಮದುವೆಯಲ್ಲಿ ಗೋತ್ರ ನೋಡುವ ರೂಢಿ ಇವರಲ್ಲಿದೆ. ಮೇವಾತದ ಅರಸ ಹಸನ್ ಖಾನ್ 1527ರ ಖಾನ್ವಾ ಯುದ್ಧದಲ್ಲಿ ರಜಪೂತ ಅರಸ ರಾಣಾ ಸಾಂಗಾನ ಪರ ಹೋರಾಡಿ ಮಡಿದ. 1947ರ ಡಿಸೆಂಬರ್ 19ರಂದು ಗಾಂಧೀಜಿ ಘಾಸೇಡಾ ಗ್ರಾಮಕ್ಕೆ ಬಂದು, ದೇಶ ಬಿಡಬೇಡಿ ಎಂದು ಮೇವರನ್ನು ಕೇಳಿಕೊಂಡರು.