ಓದುವ ಮಗುವಿನ ದನಿ, ಗಣಕಯಂತ್ರದ ವಿಳಂಬ

ಗಡಹಿಂಗ್ಲಜ ತಾಲೂಕಿನ ನೂಲ ಮತ್ತು ಸುತ್ತಲಿನ ಹಳ್ಳಿಗಳ ಮಕ್ಕಳ ಕಿವಿಗೆ ಕನ್ನಡದೊಡನೆ ಮರಾಠಿಯೂ ಸದಾ ಬೀಳುತ್ತಿರುತ್ತದೆ. ಮರಾಠಿಯ ಬರವಣಿಗೆಯಲ್ಲಿ ಎ-ಏ, ಒ-ಓ ಎಂಬ ಭೇದವಿಲ್ಲ. ಆದುದರಿಂದ ‘ಕೊಡು-ಕೋಡು’, ‘ಬೆರೆ-ಬೇರೆ’ ಮುಂತಾದ ಜೋಡಿಗಳಿಗೆ ಇಲ್ಲಿ ವಿಶೇಷ ಅಭ್ಯಾಸ ಬೇಕಾಗುತ್ತದೆ. ಹೆಡ್‌ಫೋನ್ ಧರಿಸಿ ಮೈಕಿನಲ್ಲಿ ಓದುತ್ತ ತನ್ನ ದನಿಯನ್ನು ತಾನೇ ಕೇಳಿಕೊಳ್ಳುವುದು ಇದಕ್ಕೊಂದು ಒಳ್ಳೆಯ ಉಪಾಯ. ಆದರೆ ಗಣಕಯಂತ್ರವು ದನಿಯನ್ನು ತಡವಾಗಿ ಮರಳಿಸಿದರೆ ಅಭ್ಯಾಸವೇ ಕೆಡುತ್ತದೆ.

ತನ್ನ ಮಾತು ಸುಮಾರು 200 ಮಿಲಿಸೆಕೆಂಡು ತಡವಾಗಿ ಕೇಳಿಸಿದರೆ ನಿರರ್ಗಳವಾಗಿ ಮಾತನಾಡುವವರೂ ತೊದಲುತ್ತಾರೆ, ಸ್ವರಗಳನ್ನು ಎಳೆಯುತ್ತಾರೆ. ಬರ್ನಾರ್ಡ್ ಲೀ ಎಂಬವರು 1950ರಷ್ಟು ಹಿಂದೆಯೇ ಇದನ್ನು ಪ್ರಕಟಿಸಿದ್ದರು. ಹ್ರಸ್ವ ಕಲಿಯಬೇಕಾದ ಮಗು ದೀರ್ಘವನ್ನೇ ಉಚ್ಚರಿಸುತ್ತಿದ್ದರೆ, ಮಗುವನ್ನು ತಿದ್ದುವ ಮೊದಲು ಯಂತ್ರವನ್ನು ಪರೀಕ್ಷಿಸುವುದು ನ್ಯಾಯ.

ಲಿನಕ್ಸ್ ಗಣಕಯಂತ್ರದಲ್ಲಿ ಮೊದಲು ನೋಡಬೇಕಾದುದು ಹೆಡ್‌ಫೋನನ್ನು. ಬ್ಲೂಟೂತ್ ಹೆಡ್‌ಫೋನಿನ ವಿಳಂಬವು ಸಾಮಾನ್ಯವಾಗಿ 100 ಮಿಲಿಸೆಕೆಂಡನ್ನು ಮೀರುತ್ತದೆ. ಯಾವ ಹೊಂದಾಣಿಕೆಯೂ ಅದನ್ನು ಪೂರ್ತಿ ನೀಗಿಸಲಾರದು. ತಂತಿಯುಳ್ಳದ್ದೇ ಬೇಕು, ಅಗ್ಗದ್ದಾದರೂ ಸರಿ.

ಉಳಿದ ವಿಳಂಬ ಬಹುಪಾಲು ಬಫರಿನದು. ನಲ್ಲಿಯ ನೀರು ಕೊಡ ತುಂಬಿದ ಮೇಲೆಯೇ ಮನೆಗೆ ಹೋಗುವಂತೆ, ದನಿಯ ಮಾದರಿಗಳು ಬಫರ್ ತುಂಬಿದ ಮೇಲೆಯೇ ಮುಂದೆ ಸಾಗುತ್ತವೆ. ಸೆಕೆಂಡಿಗೆ 48,000 ಮಾದರಿಗಳಂತೆ 1024 ಮಾದರಿಗಳು ಸೇರಲು ಸುಮಾರು 21 ಮಿಲಿಸೆಕೆಂಡು ಹಿಡಿಯುತ್ತದೆ. 256ಕ್ಕೆ ಐದು ಸಾಕು. ಈ ಕಾಯುವಿಕೆ ಒಳಬರುವಾಗ ಒಮ್ಮೆ, ಹೊರಹೋಗುವಾಗ ಮತ್ತೊಮ್ಮೆ. (ಗಾಳಿಯಲ್ಲಿಯೂ ದನಿ 10 ಮಿಲಿಸೆಕೆಂಡಿನಲ್ಲಿ ಮೂರೂವರೆ ಮೀಟರಿನಷ್ಟೇ ಸಾಗುತ್ತದೆ, ಅಷ್ಟು ತಡವನ್ನು ಕಿವಿ ಸಹಿಸುತ್ತದೆ.)

ಇತ್ತೀಚಿನ ಉಬುಂಟುವಿನಲ್ಲಿ ದನಿಯ ವ್ಯವಹಾರವನ್ನು ಪೈಪ್‌ವೈರ್ ಎಂಬ ತಂತ್ರಾಂಶ ನೋಡಿಕೊಳ್ಳುತ್ತದೆ. ಅದರಲ್ಲಿ ಬಫರಿನ ಅಳತೆಗೆ ‘ಕ್ವಾಂಟಮ್’ ಎಂದು ಹೆಸರು. ರೂಢಿಯ ಮೌಲ್ಯ 1024. ಇದನ್ನು 512ಕ್ಕೆ, ಅನಂತರ 256ಕ್ಕೆ ಇಳಿಸಿ ನೋಡಬೇಕು. ಒಮ್ಮೆಲೇ 64ಕ್ಕೆ ಇಳಿಸುವುದು ದುಡುಕು: ಹಳೆಯ ಯಂತ್ರವು ಸಕಾಲದಲ್ಲಿ ಬಫರ್ ತುಂಬಿಸಲಾರದೆ ದನಿಯಲ್ಲಿ ಪಟಪಟ ಸದ್ದು ಬರುತ್ತದೆ. ಟರ್ಮಿನಲ್‌ನ ‘ಪಿಡಬ್ಲ್ಯೂ-ಟಾಪ್’ ಪಟ್ಟಿಯಲ್ಲಿ ದೋಷಗಳ ಸಂಖ್ಯೆ ಏರುತ್ತಲೇ ಇದ್ದರೆ ಹಿಂದಿನ ಮೌಲ್ಯಕ್ಕೆ ಮರಳಬೇಕು. ಬ್ರೌಸರನ್ನು ಮುಚ್ಚಿ, ವಿದ್ಯುತ್ ಉಳಿತಾಯದ ಕ್ರಮವನ್ನೂ ನಿಲ್ಲಿಸಬೇಕು. ಕಟ್ಟುನಿಟ್ಟಾದ ಸಮಯಪಾಲನೆಯ ರಿಯಲ್‌ಟೈಮ್ ವ್ಯವಸ್ಥೆಯು 2024ರಲ್ಲಿ ಲಿನಕ್ಸಿನ ಮುಖ್ಯ ಕರ್ನೆಲ್‌ಗೆ ಸೇರಿದೆಯಾದರೂ ಓದಿನ ತರಗತಿಗೆ ಅದರ ಅಗತ್ಯವಿಲ್ಲ.

ಪರೀಕ್ಷೆಗೆ ಬೇಕಾದುದು ಒಂದು ಚಿಟಿಕೆ ಮಾತ್ರ. ಶಿಕ್ಷಕರು ಹೆಡ್‌ಫೋನನ್ನು ಒಂದೇ ಕಿವಿಗೆ ಇಟ್ಟುಕೊಂಡು ಮೈಕಿನ ಮುಂದೆ ಚಿಟಿಕೆ ಹೊಡೆಯಬೇಕು. ಸದ್ದು ಎರಡಾಗಿ ಕೇಳಿಸಿದರೆ ಆ ಯಂತ್ರದ ಮುಂದೆ ಮಗುವನ್ನು ಇನ್ನೂ ಕೂರಿಸಬಾರದು.